ಮನಸ್ಸಿಗೆ ಹುಷಾರು ತಪ್ಪಿದಾಗ: ಮನೆಯವರಿಗೆ ಕಿವಿಮಾತು

ಮಕ್ಕಳೇ, ಮೈ ಬಿಸಿಯಾದರೆ ಡಾಕ್ಟರ ಹತ್ತಿರ ಓಡುತ್ತೀರಿ. ಮನಸ್ಸು ಕೆಟ್ಟರೆ ಮಾತ್ರ “ಸೋಮಾರಿತನ”, “ನಾಟಕ”, “ಯಾರದೋ ದೃಷ್ಟಿ” ಎನ್ನುತ್ತೀರಿ. ಹಾಗೆ ಹಣೆಪಟ್ಟಿ ಹಚ್ಚುವ ಮೊದಲು ಇವಿಷ್ಟು ನೆನಪಿರಲಿ.

• ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರವಾದರೂ ಊಟ ಸೇರದೆ, ನಿದ್ದೆ ಹತ್ತದೆ, ಅಕ್ಕರೆಯಿಂದ ಬೆಳೆಸಿದ ಹೂಗಿಡವೂ ಬೇಡವಾದರೆ ಖಿನ್ನತೆ ಇರಬಹುದು. ಥೈರಾಯ್ಡ್ ಕಡಿಮೆಯಾದರೂ ಹೀಗಾಗುವುದುಂಟು, ರಕ್ತಪರೀಕ್ಷೆ ಮಾಡಿಸಿ.

• ಎದೆ ಡವಡವ, ಬೆವರು, ಉಸಿರು ಕಟ್ಟಿದಂತೆ ಆಗುವುದು, ಸತ್ತೇ ಹೋಗುತ್ತೇನೆಂಬ ಭಯ: ಮೊದಲು ಹೃದಯ ತೋರಿಸಿ. ಅಲ್ಲಿ ಎಲ್ಲ ಸರಿಯಿದ್ದೂ ಮತ್ತೆ ಮತ್ತೆ ಬಂದರೆ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು. “ನಿನಗೇನೂ ಆಗಿಲ್ಲ” ಎಂದು ಗದರಬೇಡಿ. ಅದಕ್ಕೂ ಚಿಕಿತ್ಸೆಯಿದೆ.

• ಚರ್ಮ ಸುಲಿಯುವಷ್ಟು ಕೈ ತೊಳೆಯುವುದು, ಮಲಗಿದವರು ಎದ್ದೆದ್ದು ಗ್ಯಾಸ್, ಚಿಲಕ ನೋಡುವುದು ಎಲ್ಲವೂ ಮಡಿಯಲ್ಲ, ಜಾಗ್ರತೆಯಲ್ಲ. ಅದು ಗೀಳು ರೋಗವಾಗಿದ್ದರೆ, ಅತಿಯಾಯಿತೆಂದು ಅವರಿಗೇ ಗೊತ್ತಿದ್ದರೂ ತಡೆಯಲಾಗುವುದಿಲ್ಲ.

• ಹೆರಿಗೆಯಾದ ಮೊದಲ ದಿನಗಳಲ್ಲಿ ಬಾಣಂತಿ ಸುಮ್ಮಸುಮ್ಮನೆ ಅಳುವುದು ಸಹಜ. ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ಯಾರಿಗೂ ಕೇಳಿಸದ ದನಿ ಕೇಳುತ್ತದೆಂದರೆ, ಮಗುವಿನ ಮೇಲೇ ಅನುಮಾನಪಟ್ಟರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿ-ಮಗುವನ್ನು ಒಂಟಿ ಬಿಡಬೇಡಿ.

• ದೇವರಿಗೆ ಹರಕೆ ಹೊರಿ, ಬೇಡವೆನ್ನುವುದಿಲ್ಲ. ಆದರೆ ಮನೋವೈದ್ಯರ ಭೇಟಿಯನ್ನು ಅದಕ್ಕಾಗಿ ಮುಂದೂಡಬೇಡಿ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ; ಮೊದಲೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ಸು ಹತ್ತಬೇಕಾಗಿಲ್ಲ.

• ಖಿನ್ನತೆಯ ಮಾತ್ರೆ ತೆಗೆದುಕೊಂಡ ಮರುದಿನವೇ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಗುಣವಾಯಿತೆಂದು ನೀವೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

• “ನಾನಿದ್ದು ಏನು ಪ್ರಯೋಜನ” ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. “ಸಾಯಬೇಕು ಅನ್ನಿಸುತ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನಲ್ಲಿದ್ದದ್ದು ಹೊರಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ, ಉಳಿದ ಮಾತ್ರೆಗಳನ್ನು ಬೀಗದಲ್ಲಿಡಿ. ಜೊತೆಯಲ್ಲೇ ಇರಿ.

• ಟೆಲಿ-ಮಾನಸ್ ಸಂಖ್ಯೆ 14416 ಅನ್ನು ಎಲ್ಲರ ಮೊಬೈಲಿನಲ್ಲೂ ಹಾಕಿಡಿ. ಸರ್ಕಾರ 2022ರಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, “ಹೋಗಿ ತೋರಿಸಿಕೊಂಡು ಬಾ” ಎಂದು ಒಬ್ಬರನ್ನೇ ಕಳಿಸಬೇಡಿ. ಮೊದಲ ಸಲವಾದರೂ ಮನೆಯವರೊಬ್ಬರು ಜೊತೆಗೆ ಹೋಗಿ.