ಬಡ್ತಿ ಆದೇಶದ ಎರಡು ತಾರೀಕು

ಅಮೆರಿಕ ಸೇನೆಯ ಮೀಸಲು ಪಡೆಯಲ್ಲಿ ಅಧಿಕಾರಿಗೆ ಬಡ್ತಿ ಬಂದಾಗ ಕೈಗೆ ಸಿಗುವ ಆದೇಶ ಬಹಳ ಚಿಕ್ಕದು. ಅದರಲ್ಲಿ ಎರಡು ತಾರೀಕು ಇರುತ್ತವೆ. ಒಂದು, ಬಡ್ತಿ ಜಾರಿಗೆ ಬರುವ ದಿನ. ಸಂಬಳ ಏರುವುದು ಅಂದಿನಿಂದ. ಇನ್ನೊಂದು ಡೇಟ್ ಆಫ್ ರ್ಯಾಂಕ್, ಅಂದರೆ ಆ ದರ್ಜೆಯಲ್ಲಿ ಹಿರಿತನವನ್ನು ಎಣಿಸಲು ಶುರುಮಾಡುವ ದಿನ. ಹೆಚ್ಚಿನವರ ಆದೇಶದಲ್ಲಿ ಎರಡೂ ಒಂದೇ ಆಗಿರುತ್ತವೆ, ಹಾಗಾಗಿ ಎರಡನೆಯದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನಾನು ಕ್ಯಾಪ್ಟನ್ ದರ್ಜೆಯಿಂದ ಮೇಜರ್ ಆದಾಗ ಬಂದ ಆದೇಶದಲ್ಲೂ ಎರಡು ತಾರೀಕು ಒಂದೇ ಇದ್ದವು. ಎರಡೂ ತಪ್ಪಾಗಿದ್ದವು. ಇರಬೇಕಾದ ದಿನಕ್ಕಿಂತ ಒಂದು ವರ್ಷಕ್ಕೂ ಮಿಕ್ಕಿ ತಡವಾಗಿದ್ದವು.

ನಮ್ಮಪ್ಪ ಅರಸೀಕೆರೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಸೇವಾ ವಹಿಯಲ್ಲಿ ಒಂದು ನಮೂದು ಬಿಟ್ಟುಹೋದರೆ ನಿವೃತ್ತಿಯ ಹೊತ್ತಿಗೆ ಏನಾಗುತ್ತದೆಂದು ಅವರು ಕಂಡವರು. ಹಾಗಾಗಿ ತಾರೀಕಿನ ಬೆಲೆ ನನಗೆ ಮನೆಯಲ್ಲೇ ಗೊತ್ತಿತ್ತು. ಆದರೆ ಮೀಸಲು ಪಡೆಯ ಅಧಿಕಾರಿಗೆ ಈ ಒಂದು ದಿನಾಂಕ ಎಷ್ಟು ದೂರದವರೆಗೆ ತಟ್ಟುತ್ತದೆ ಎಂಬುದು ಕಾನೂನು ಓದಿದ ಮೇಲೆಯೇ ಅರ್ಥವಾಯಿತು. ಇಲ್ಲಿ ಸೇವೆ ಸಲ್ಲಿಸುತ್ತಿರುವ ಕನ್ನಡದ ಹುಡುಗ ಹುಡುಗಿಯರು, ಅದರಲ್ಲೂ ವೈದ್ಯರು, ಈಚೆಗೆ ನನ್ನನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೀಸಲು ಅಧಿಕಾರಿಗಳ ಬಡ್ತಿಯನ್ನು ಈಗ ನಡೆಸುತ್ತಿರುವ ಕಾಯಿದೆ 1994ರದ್ದು, ಜಾರಿಗೆ ಬಂದದ್ದು 1996ರ ಅಕ್ಟೋಬರ್ 1ರಂದು. ಅದರ ಪ್ರಕಾರ ಕ್ಯಾಪ್ಟನ್ ಆದವರು ಕನಿಷ್ಠ 3 ವರ್ಷ ಆ ದರ್ಜೆಯಲ್ಲಿರಬೇಕು. 7 ವರ್ಷ ತುಂಬುವುದರೊಳಗೆ ಬಡ್ತಿ ಸಿಗುವ ಹಾಗೆ ಅವರ ಹೆಸರು ಆಯ್ಕೆ ಮಂಡಳಿಯ ಮುಂದೆ ಹೋಗಬೇಕು. ಎರಡು ಸಲ ಆಯ್ಕೆಯಾಗದ ಕ್ಯಾಪ್ಟನ್ ಸಾಮಾನ್ಯವಾಗಿ ಪಡೆಯಿಂದಲೇ ಹೊರಗೆ. ಎರಡು ಸಲ ಆಯ್ಕೆಯಾಗದ ಮೇಜರ್ ಅಧಿಕಾರಿಯಾಗಿ 20 ವರ್ಷ ಮುಗಿಸಿದರೆ ಹೊರಗೆ. ಲೆಫ್ಟಿನೆಂಟ್ ಕರ್ನಲ್‌ಗೆ 28 ವರ್ಷದ ಗಡಿ. ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಿ ಪಡೆಯಬೇಕಾದರೆ ಆ ದರ್ಜೆಯಲ್ಲಿ ಸಾಮಾನ್ಯವಾಗಿ 3 ವರ್ಷ ಕಳೆದಿರಬೇಕು. ದರ್ಜೆಯಲ್ಲಿ ಎಷ್ಟು ವರ್ಷ ಎಂಬ ಪ್ರಶ್ನೆ ಬಂದಲ್ಲೆಲ್ಲ ಡೇಟ್ ಆಫ್ ರ್ಯಾಂಕೇ ಉತ್ತರ. ಅದು ಒಂದು ವರ್ಷ ಸರಿದರೆ ನಿಮ್ಮ ಹೆಸರು ಹೋಗಬೇಕಾದ ಮಂಡಳಿಗೆ ಹೋಗದೆ ಇನ್ನೊಂದಕ್ಕೆ ಹೋಗುತ್ತದೆ. ನಿಮಗಿಂತ ಕಿರಿಯರ ಜೊತೆ ನಿಮ್ಮನ್ನು ತೂಗುತ್ತಾರೆ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಎಂದು ಉದ್ಯೋಗ, ಸಂಸಾರದ ನಡುವೆ ವರ್ಷಕ್ಕೆ 50 ಪಾಯಿಂಟ್ ಕೂಡಿಸಿಕೊಂಡು, ಅಂಥ 20 ವರ್ಷ ತುಂಬಿಸಿದರೂ ಸಾಮಾನ್ಯವಾಗಿ 60ರ ವಯಸ್ಸಿಗೆ ಕೈಗೆ ಬರುವ ಪಿಂಚಣಿ ಇದು. ಅದನ್ನು ಯಾವ ದರ್ಜೆಯಲ್ಲಿ ಪಡೆಯುತ್ತೇವೆ ಎನ್ನುವುದು ಸಣ್ಣ ಮಾತಲ್ಲ.

ನನ್ನ ವಿಷಯದಲ್ಲಿ ಆದದ್ದು ಇಷ್ಟು. ಮೀಸಲು ಘಟಕದಲ್ಲಿರುವ ಕ್ಯಾಪ್ಟನ್ ಮೇಜರ್ ದರ್ಜೆಗೆ ಆಯ್ಕೆಯಾದಾಗ ಆತ ಆಗಲೇ ಮೇಜರ್‌ಗೆ ಮೀಸಲಾದ ಹುದ್ದೆಯಲ್ಲಿದ್ದರೆ, ಆಯ್ಕೆ ಪಟ್ಟಿಗೆ ಮಂಜೂರಾತಿ ಸಿಕ್ಕ ದಿನದಿಂದಲೇ ಬಡ್ತಿ ಸಿಗಬಹುದು. ಅಂಥ ಹುದ್ದೆ ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ, ಇಲ್ಲವೇ 7 ವರ್ಷ ತುಂಬುವವರೆಗೆ ಕಾಯಬೇಕು. ಮಂಡಳಿ ಕೂರುವುದಕ್ಕೆ ಮೊದಲೇ ನಾನು ಮೇಜರ್ ಹುದ್ದೆಯಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ನಿಯೋಜನೆಯ ಆದೇಶವೂ ಇತ್ತು. ಆದರೆ ನಡುವಿನ ಒಂದು ಕಚೇರಿಯ ಕಂಪ್ಯೂಟರಿನಲ್ಲಿ ನನ್ನ ಹೆಸರು ಹಳೆಯ ಕ್ಯಾಪ್ಟನ್ ಹುದ್ದೆಯ ಎದುರಿಗೇ ಉಳಿದಿತ್ತು. ಬಡ್ತಿ ಆದೇಶ ತಯಾರಿಸಿದವರು ಅದನ್ನು ನೋಡಿ, ಹುದ್ದೆಯಿಲ್ಲದವನೆಂದು ಬಗೆದು, 7 ವರ್ಷ ತುಂಬುವ ದಿನವನ್ನು ಹಾಕಿದರು. ಅವರ ಮುಂದಿದ್ದ ದಾಖಲೆಯ ಪ್ರಕಾರ ಅವರು ಮಾಡಿದ್ದು ಸರಿಯೇ. ಅದೇ ಪಟ್ಟಿಯಲ್ಲಿ ಆಯ್ಕೆಯಾಗಿದ್ದ ಸಹೋದ್ಯೋಗಿಯೊಬ್ಬರ ಆದೇಶವನ್ನು ವಾರ್ಷಿಕ ತರಬೇತಿಯ ಹೊತ್ತಿನಲ್ಲಿ ನೋಡಿದಾಗ ವ್ಯತ್ಯಾಸ ಕಂಡಿತು.

ಮೊದಲು ಕೆಳಗಿನ ಕಚೇರಿಗಳಲ್ಲಿ ಕೇಳಲೇಬೇಕು. ಅಲ್ಲಿ ಸರಿಹೋಗುವುದನ್ನು ನೇರವಾಗಿ ಮೇಲಕ್ಕೆ ಒಯ್ದರೆ ಅರ್ಜಿ ವಾಪಸು ಬರುತ್ತದೆ. ನಾನು ಕೇಳಿದಲ್ಲೆಲ್ಲ ಸಭ್ಯವಾದ ಉತ್ತರವೇ ಬಂತು: ನಮ್ಮ ದಾಖಲೆಯಲ್ಲಿ ಆ ನಿಯೋಜನೆ ಕಾಣುತ್ತಿಲ್ಲ, ಹಿಂದಿನ ತಾರೀಕಿಗೆ ತಿದ್ದುವ ಅಧಿಕಾರ ನಮಗಿಲ್ಲ. ಆ ಉತ್ತರಗಳನ್ನು ಬರಹದಲ್ಲೇ ಪಡೆದೆ. ಫೋನಿನಲ್ಲಿ ಹೇಳಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕೆಳಗೆ ಕೇಳಿ ಆಗಿದೆ ಎಂಬುದಕ್ಕೆ ಇಲ್ಲವೆಂದ ಆ ಪತ್ರಗಳೇ ಸಾಕ್ಷಿಯಾದವು.

ಮುಂದಿನ ಬಾಗಿಲು ಸೇನಾ ದಾಖಲೆ ತಿದ್ದುಪಡಿ ಮಂಡಳಿ. ಒಬ್ಬ ಸೈನಿಕನ ದಾಖಲೆ ತಿದ್ದಬೇಕಾದರೂ ಅಮೆರಿಕದ ಸಂಸತ್ತು ಪ್ರತ್ಯೇಕ ಮಸೂದೆ ತರಬೇಕಾಗಿದ್ದ ಕಾಲವೊಂದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸಂಸತ್ತು ಆ ಹೊರೆಯನ್ನು ಇಳಿಸಿಕೊಂಡು, ನಾಗರಿಕರೇ ಇರುವ ಮಂಡಳಿಗಳ ಮೂಲಕ ಈ ಕೆಲಸ ಮಾಡುವ ಅಧಿಕಾರವನ್ನು ಆಯಾ ಸೇನಾ ಇಲಾಖೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಸಮವಸ್ತ್ರದವರ ಮೇಲೆ ಸಮವಸ್ತ್ರದವರೇ ತೀರ್ಪು ಕೊಡದ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಪ್ರಕರಣವೊಂದನ್ನು ನೋಡುವವರು ಮೂವರು ಸದಸ್ಯರು, ಕಚೇರಿ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ. ಅರ್ಜಿಯ ನಮೂನೆ ಡಿಡಿ 149, ಶುಲ್ಕ ಇಲ್ಲ. ತಪ್ಪು ಗೊತ್ತಾದ ದಿನದಿಂದ 3 ವರ್ಷದೊಳಗೆ ಹಾಕಬೇಕು. ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ತಡವಾದುದನ್ನು ಮಂಡಳಿ ಮನ್ನಿಸಬಹುದು. ಅಧಿಕಾರಿ ತೀರಿಕೊಂಡಿದ್ದರೆ ವಾರಸುದಾರರೂ ಅರ್ಜಿ ಹಾಕಬಹುದು.

ಮಂಡಳಿ ತಾನಾಗಿ ತನಿಖೆ ಮಾಡುವುದಿಲ್ಲ, ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸೇನೆಯ ದಾಖಲೆ ಸರಿಯಿದೆ ಎಂದುಕೊಂಡೇ ಅವರು ಕಡತ ತೆರೆಯುತ್ತಾರೆ. ತಪ್ಪಿದೆ ಎಂದು ತೋರಿಸುವ ಹೊಣೆ ಪೂರ್ತಿ ಅರ್ಜಿದಾರರದು. ಎದುರು ನಿಂತು ಹೇಳಿಕೊಳ್ಳುವ ಹಕ್ಕೂ ಇಲ್ಲ. ಬಹುಪಾಲು ಅರ್ಜಿಗಳು ಕಾಗದದ ಮೇಲೆಯೇ ತೀರ್ಮಾನವಾಗುತ್ತವೆ. ಸೇನೆಯ ಕಾನೂನು ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರು ನನಗೆ ಹೇಳಿದ್ದು ಇದನ್ನೇ: ನಿನ್ನ ಬೇಸರ ಅವರಿಗೆ ಬೇಕಿಲ್ಲ, ಯಾವ ಸಾಲನ್ನು ಹೇಗೆ ತಿದ್ದಬೇಕು ಅಂತ ಹೇಳು, ಯಾಕೆ ಅಂತ ತೋರಿಸು.

ನಾನು ಕೇಳಿದ್ದು ಮೂರೇ. ಡೇಟ್ ಆಫ್ ರ್ಯಾಂಕ್ ತಿದ್ದಬೇಕು. ಬಡ್ತಿ ಜಾರಿಯ ದಿನವನ್ನೂ ಅದಕ್ಕೆ ಸರಿಯಾಗಿ ತಿದ್ದಿ ಹಿಂಬಾಕಿ ಕೊಡಬೇಕು. ತಪ್ಪು ತಾರೀಕಿನಿಂದಾಗಿ ನನ್ನ ಹೆಸರು ಹೋಗದೇ ಉಳಿದ ಲೆಫ್ಟಿನೆಂಟ್ ಕರ್ನಲ್ ಆಯ್ಕೆಗೆ ವಿಶೇಷ ಆಯ್ಕೆ ಮಂಡಳಿಯಲ್ಲಿ ಪರಿಗಣಿಸಬೇಕು.

ದಾಖಲೆಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಹುದ್ದೆಯಲ್ಲಿದ್ದೆ ಎಂದು ತೋರಿಸಿದರೆ ಸಾಲದು. ಆ ದಿನ ಬಡ್ತಿಗೆ ಎಲ್ಲ ರೀತಿಯಲ್ಲೂ ಅರ್ಹನಾಗಿದ್ದೆ ಎಂದೂ ತೋರಿಸಬೇಕು. ಆ ದರ್ಜೆಗೆ ಬೇಕಾದ ಕೋರ್ಸ್ ಮುಗಿಸಿದ ವರದಿ, ದೈಹಿಕ ಪರೀಕ್ಷೆಯ ಅಂಕಪಟ್ಟಿ, ಎತ್ತರ ತೂಕದ ದಾಖಲೆ, ವೈದ್ಯಕೀಯ ತಪಾಸಣೆ, ಭದ್ರತಾ ಅನುಮತಿ, ಇಷ್ಟೂ ಆ ದಿನಕ್ಕೆ ಊರ್ಜಿತವಾಗಿರಬೇಕು. ಒಂದು ಕಾಗದ ಇಲ್ಲದಿದ್ದರೂ, ಅಂದು ಅದು ಇತ್ತೋ ಇಲ್ಲವೋ ಎಂಬ ಸಂಶಯ ಅರ್ಜಿದಾರರ ವಿರುದ್ಧವೇ ಹೋಗುತ್ತದೆ. ನಿಯೋಜನೆಯ ಆದೇಶ ಸೇನೆಯ ಗಣಕ ಕಡತದಲ್ಲಿ ಇರಲಿಲ್ಲ. ನಾನು ಇಟ್ಟುಕೊಂಡಿದ್ದ ಪ್ರತಿ ಇತ್ತು. ಅದಕ್ಕೆ ಬಲ ಕೊಟ್ಟದ್ದು ಅದೇ ಅವಧಿಯ ಕಾರ್ಯನಿರ್ವಹಣಾ ವರದಿ. ಅದರ ಮೊದಲ ಪುಟದಲ್ಲಿ ನನ್ನ ಹುದ್ದೆಯ ಹೆಸರು, ಅವಧಿಯ ಆರಂಭ ಮತ್ತು ಕೊನೆ, ಮೇಲಧಿಕಾರಿಗಳ ಸಹಿ ಎಲ್ಲ ಇದ್ದವು. ತಕರಾರು ಹುಟ್ಟುವುದಕ್ಕೆ ಬಹಳ ಮೊದಲೇ, ಬೇರೆ ಉದ್ದೇಶಕ್ಕೆ ಆದ ಸಹಿಗಳು ಅವು. ಹಳೆಯ ಕಮಾಂಡರ್ ಪ್ರೀತಿಯಿಂದ ಬರೆದುಕೊಟ್ಟ ಪತ್ರವನ್ನೂ ಲಗತ್ತಿಸಿದ್ದೆ. ಆದರೆ ತೀರ್ಪಿನಲ್ಲಿ ಹೆಚ್ಚು ಚರ್ಚೆಯಾದದ್ದು ಆ ವರದಿಯೇ. ಆಗಿನ ಕಾಗದಕ್ಕೆ ಇರುವ ತೂಕ ಈಗಿನ ನೆನಪಿಗೆ ಬರುವುದಿಲ್ಲ. ಮಂಡಳಿಯ ಹಳೆಯ ತೀರ್ಪುಗಳನ್ನು ಹೆಸರು ಅಳಿಸಿ ಸಾರ್ವಜನಿಕರಿಗೆ ಓದಲು ಇಟ್ಟಿರುತ್ತಾರೆ. ನನ್ನಂಥದೇ ಪ್ರಕರಣಗಳನ್ನು ಓದಿದ್ದರಿಂದಲೇ ಇದು ಮೊದಲೇ ತಿಳಿದಿತ್ತು.

ಪ್ರತಿ ಇಟ್ಟುಕೊಳ್ಳಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಕಡತಗಳು ಹೋದವು. 1912ರಿಂದ 1960ರವರೆಗೆ ಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಸುಮಾರು ಶೇ. 80 ಹಾಳಾದವು. ಆ ತಲೆಮಾರಿನ ಎಷ್ಟೋ ಮಂದಿಗೆ ತಮ್ಮ ಸೇವೆಯನ್ನು ಸಾಬೀತು ಮಾಡಲು ಉಳಿದದ್ದು ಮನೆಯ ಟ್ರಂಕಿನಲ್ಲಿದ್ದ ಕಾಗದಗಳು.

ಅರ್ಜಿ ಹೋದ ಮೇಲೆ ಕಾಯುವುದು. ಹತ್ತರಲ್ಲಿ ಒಂಬತ್ತು ಪ್ರಕರಣಗಳನ್ನು 10 ತಿಂಗಳಲ್ಲಿ, ಎಲ್ಲವನ್ನೂ 18 ತಿಂಗಳಲ್ಲಿ ಮುಗಿಸಬೇಕೆಂದು ಕಾನೂನೇ ಹೇಳುತ್ತದೆ. ನಡುವೆ ಮಂಡಳಿ ಸಂಬಂಧಪಟ್ಟ ಬಡ್ತಿ ವಿಭಾಗದ ಅಭಿಪ್ರಾಯ ಕೇಳಿ, ಅದರ ಪ್ರತಿಯನ್ನು ಉತ್ತರಕ್ಕಾಗಿ ನಮಗೆ ಕಳಿಸುತ್ತದೆ. ನನಗೆ ಬಂದ ಅಭಿಪ್ರಾಯ ಅನುಕೂಲಕರವಾಗಿಯೇ ಇತ್ತು: ಡೇಟ್ ಆಫ್ ರ್ಯಾಂಕ್ ತಿದ್ದಬಹುದು. ಗೆಳೆಯರು ಗೆದ್ದೆ ಎಂದರು. ಓದಿ ನೋಡಿದರೆ ಬಡ್ತಿ ಜಾರಿಯ ದಿನದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಹಿರಿತನದ ದಿನ ಮಾತ್ರ ತಿದ್ದಿದರೆ ಅಷ್ಟೂ ಕಾಲ ಮೇಜರ್ ಹುದ್ದೆಯ ಕೆಲಸವನ್ನು ಕ್ಯಾಪ್ಟನ್ ಸಂಬಳಕ್ಕೆ ಮಾಡಿದ್ದು ಹಾಗೆಯೇ ಉಳಿಯುತ್ತದೆ. ಆ ಒಂದೇ ಅಂಶದ ಮೇಲೆ ಅರ್ಧ ಪುಟದ ಉತ್ತರ ಬರೆದೆ. ತೀರ್ಪಿನಲ್ಲಿ ಎರಡು ತಾರೀಕೂ ತಿದ್ದುಪಡಿಯಾದವು. ಹಿಂಬಾಕಿಯನ್ನು ರಕ್ಷಣಾ ಇಲಾಖೆಯ ಲೆಕ್ಕಪತ್ರ ವಿಭಾಗ ಕೊಟ್ಟಿತು. ಅದಕ್ಕೂ ತಿದ್ದಿದ ಆದೇಶವನ್ನು ಹಿಡಿದು ಬೆನ್ನು ಹತ್ತಬೇಕಾಯಿತು, ಏಕೆಂದರೆ ಮಂಡಳಿ ಹೇಳಿದ ಮಾತ್ರಕ್ಕೆ ಸಂಬಳದ ಕಡತ, ಬಡ್ತಿಯ ಕಡತ, ಸೇವಾ ದಾಖಲೆ ಮೂರೂ ಒಟ್ಟಿಗೆ ಬದಲಾಗುವುದಿಲ್ಲ. ಒಂದೊಂದನ್ನೂ ತೆರೆಸಿ ನೋಡಬೇಕು.

ವಿಶೇಷ ಆಯ್ಕೆ ಮಂಡಳಿಯ ಬಗ್ಗೆ ಎಚ್ಚರ ಬೇಕು. ದಾಖಲೆ ತಿದ್ದುವ ಮಂಡಳಿ ತಾನೇ ಯಾರನ್ನೂ ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ ಆರಿಸುವುದಿಲ್ಲ. ಅಂದು ನಿಮ್ಮ ಕಡತ ಹೇಗಿರಬೇಕಿತ್ತೋ ಹಾಗೆ ಅದನ್ನು ವಿಶೇಷ ಮಂಡಳಿಯ ಮುಂದಿಡಲು ಹೇಳುತ್ತದೆ. ಅಲ್ಲಿ ಅದನ್ನು ಆ ವರ್ಷ ಆಯ್ಕೆಯಾದ ಮತ್ತು ಆಗದ ಕೆಲವರ ಕಡತಗಳ ಜೊತೆ ಇಟ್ಟು ನೋಡುತ್ತಾರೆ. ಆರಿಸದಿದ್ದರೆ ಒಂದು ಸಲ ಆಯ್ಕೆಯಾಗಲಿಲ್ಲ ಎಂದೇ ದಾಖಲಾಗುತ್ತದೆ. ನನ್ನ ವರದಿಗಳು ಚೆನ್ನಾಗಿದ್ದವು, ಆಯ್ಕೆಯಾದೆ. ಎಲ್ಲರಿಗೂ ಅದೇ ದಾರಿ ಎಂದು ನಾನು ಹೇಳಲಾರೆ.

ದಾವಣಗೆರೆ ಕಡೆಯ ವೈದ್ಯೆಯೊಬ್ಬರ ಪ್ರಕರಣದಲ್ಲಿ ಇದೇ ಪ್ರಶ್ನೆ ಎದುರಾಯಿತು. ಕನ್ನಡ ಸಂಘದ ಗಣೇಶ ಹಬ್ಬದಲ್ಲಿ ಪರಿಚಯವಾದವರು, ಅವರೂ ಮೀಸಲು ಪಡೆಯ ವೈದ್ಯಕೀಯ ವಿಭಾಗದಲ್ಲಿ ಅಧಿಕಾರಿ. ವೈದ್ಯರು ಸೇರುವಾಗ ಅವರ ಓದು ಮತ್ತು ತರಬೇತಿಯ ವರ್ಷಗಳಿಗೆ ಸೇವೆಯ ಲೆಕ್ಕ ಕೊಟ್ಟು, ಅದರ ಮೇಲೆ ಆರಂಭದ ದರ್ಜೆ ಮತ್ತು ಅದರ ದಿನಾಂಕ ನಿಗದಿ ಮಾಡುತ್ತಾರೆ. ವೈದ್ಯಕೀಯ ಪದವಿಗೆ 4 ವರ್ಷ, ರೆಸಿಡೆನ್ಸಿಯ ವರ್ಷಕ್ಕೆ ಒಂದೊಂದು ವರ್ಷ. ಒಂದೇ ಅವಧಿಯನ್ನು ಎರಡು ಸಲ ಎಣಿಸುವಂತಿಲ್ಲ. ಈ ಲೆಕ್ಕ ಇರುವುದು ಡಿಎ 5074-1 ಎಂಬ ನಮೂನೆಯಲ್ಲಿ. ಅದನ್ನು ತರಿಸಿ ಅಡುಗೆಮನೆಯ ಮೇಜಿನ ಮೇಲೆ ಹರಡಿದಾಗ ಅವರು ಬೆರಳಿಟ್ಟು ತೋರಿಸಿದರು.

“ಅಲ್ರೀ ಸರ್, ನಾ ಇಲ್ಲಿ ರೆಸಿಡೆನ್ಸಿ ಮಾಡಿದ್ದೇ ಬಂದಿಲ್ಲಲ್ರೀ ಇದ್ರಾಗ. ಪದವಿ ಒಂದನ್ನೇ ಹಿಡಿದಾರ.”

“ರೆಸಿಡೆನ್ಸಿ ಸರ್ಟಿಫಿಕೇಟಿನಲ್ಲಿ ಹೆಸರು ಹೇಗಿದೆ ಡಾಕ್ಟ್ರೇ?”

ಅಲ್ಲೇ ಇತ್ತು ತೊಡಕು. ಕಾಲೇಜಿನ ಪದವಿ ಪತ್ರದಲ್ಲಿ ಅವರ ಹೆಸರಿನ ಜೊತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರಿನ ಮತ್ತು ತಂದೆಯ ಹೆಸರು. ರೆಸಿಡೆನ್ಸಿ ಮುಗಿಸಿದ ಪತ್ರದಲ್ಲಿ ಮದುವೆಯಾದ ಮೇಲಿನ ಹೆಸರು. ನೇಮಕಾತಿಯ ಕಡತದಲ್ಲಿ ಆ ಪತ್ರ ಇವರದೆಂದು ಯಾರೂ ಜೋಡಿಸಿರಲಿಲ್ಲ. ನಮ್ಮ ಕಡೆಯ ಹೆಸರುಗಳಿಗೆ ಇಲ್ಲಿನ ನಮೂನೆಗಳಲ್ಲಿ ಆಗುವ ಪಾಡು ಇದು. ಇದರ ಬಗ್ಗೆ ನನಗೆ ಸಿಟ್ಟೂ ಇದೆ, ಸಂಕಟವೂ ಇದೆ. ಮೂರೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರ, ಮದುವೆ ನೋಂದಣಿ, ವೈದ್ಯಕೀಯ ಪರಿಷತ್ತಿನ ನೋಂದಣಿ, ವಿದೇಶಿ ಪದವೀಧರರಿಗೆ ಕೊಡುವ ಇಸಿಎಫ್‌ಎಂಜಿ ಪ್ರಮಾಣಪತ್ರ, ಇವುಗಳನ್ನು ಅರ್ಜಿಯ ಮೊದಲ ಲಗತ್ತಾಗಿ ಇಟ್ಟೆವು. ರೆಸಿಡೆನ್ಸಿಯ ದಾಖಲೆ ಅದರ ನಂತರ.

ತಿದ್ದುಪಡಿಯಾಯಿತು. ದಿನಾಂಕ ಹಿಂದಕ್ಕೆ ಸರಿದಾಗ ಅವರು ಹೋಗಬೇಕಿದ್ದ ಆಯ್ಕೆಯೊಂದು ಆಗಲೇ ಮುಗಿದುಹೋಗಿತ್ತು. ವಿಶೇಷ ಮಂಡಳಿ ಕೇಳಬೇಕೇ ಎಂದು ಇಬ್ಬರೂ ಕೂತು ಅವರ ವರದಿಗಳನ್ನು ಓದಿದೆವು. ಆ ವರ್ಷಗಳವು ಎರಡೇ, ಅದರಲ್ಲಿ ಒಂದು ಬಹಳ ಸಪ್ಪೆ. ನಂತರ ಸೇನಾ ಆಸ್ಪತ್ರೆಯೊಂದರಲ್ಲಿ ಸಕ್ರಿಯ ಸೇವೆ ಮಾಡಿದಾಗಿನ ವರದಿ ಬೇರೆಯೇ ಮಟ್ಟದ್ದು. ಅದು ಆ ಹಳೆಯ ಆಯ್ಕೆಯ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನದಕ್ಕೆ ಬರುತ್ತದೆ. ಕೇಳುವುದು ಬೇಡ ಎಂದು ಅವರೇ ನಿರ್ಧರಿಸಿದರು. ಮುಂದಿನ ಸಾಮಾನ್ಯ ಮಂಡಳಿಗೆ ಕಡತ ಹೋಗುವ ಮುನ್ನ ಅದರಲ್ಲಿರುವ ಪ್ರತಿಯೊಂದು ಕಾಗದದ ಮೇಲೂ ಒಂದೇ ಹೆಸರು ಇದೆಯೇ ಎಂದು ಈಗ ನೋಡುತ್ತಿದ್ದೇವೆ.