ಸಿ.ಡಿ., ಡಿ.ವಿ.ಡಿ. ಬರವಣಿಗೆಯಲ್ಲಿ ತಲೆದೋರುವ ತೊಡಕುಗಳು

ಶಿಲೆಯಲ್ಲಿ ಅಕ್ಷರ ಕೊರೆದ, ತಾಳೆಗರಿಯನ್ನು ಕಂಟದಿಂದ ಗೀರಿ ಮಸಿ ತೊಡೆದ ನಾಡಿಗೆ, ಬರೆದುದು ಉಳಿಯಬೇಕೆಂಬ ಆಸೆ ಹೊಸದಲ್ಲ. ಈ ಶತಮಾನದ ಮೊದಲ ಒಂದೆರಡು ದಶಕಗಳಲ್ಲಿ ನಡೆದ ಶಾಲಾ ವಾರ್ಷಿಕೋತ್ಸವಗಳು, ಉಪನ್ಯಾಸಗಳು, ಸಂಗೀತ ಕಚೇರಿಗಳು, ಮದುವೆ ಮುಂಜಿಗಳು ಬಹುಮಟ್ಟಿಗೆ ಉಳಿದಿರುವುದು ಗಣಕಯಂತ್ರದಲ್ಲಿ ಬರೆದ ಹೊಳೆಯುವ ತಟ್ಟೆಗಳಲ್ಲಿ. ಎಷ್ಟೋ ಕಡೆ ಮೂಲ ಟೇಪು ಇಲ್ಲ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಮತ್ತೆ ಬಳಸಲಾಗಿದೆ. ಉಳಿದಿರುವುದು ಆ ಒಂದೇ ತಟ್ಟೆ. ಆದುದರಿಂದ ತಟ್ಟೆ ಬರೆಯುವಾಗ ಆಗುವ ತಪ್ಪನ್ನು ಕೆಲವು ರೂಪಾಯಿಗಳ ನಷ್ಟವೆಂದು ಎಣಿಸಲಾಗದು. ಬರೆಯುವಾಗಲೇ ಕೆಟ್ಟ ತಟ್ಟೆಯಿಂದ ದೊಡ್ಡ ಹಾನಿಯಿಲ್ಲ. ಅದನ್ನು ಎಸೆದು ಇನ್ನೊಂದನ್ನು ಹಾಕಬಹುದು. ಕೆಲಸ ಮುಗಿಯಿತೆಂದು ಯಂತ್ರ ಹೇಳಿ, ಮೂಲವನ್ನು ಅಳಿಸಿಯಾದ ಮೇಲೆ ಓದಲಾಗದೆಂದು ತಿಳಿದುಬರುವ ತಟ್ಟೆಯೇ ಭಯಂಕರವಾದುದು.

ಈ ಕಾರ್ಯವನ್ನು ರೂಢಿಯಲ್ಲಿ 'ಬರ್ನ್ ಮಾಡುವುದು' ಎನ್ನುತ್ತಾರೆ. ಕನ್ನಡದಲ್ಲಿ 'ಬರೆ' ಎಂಬ ಒಂದೇ ಮಾತು ಲೇಖನವನ್ನೂ ಸುಟ್ಟ ಗುರುತನ್ನೂ ಸೂಚಿಸುವುದು ಇಲ್ಲಿ ಸೊಗಸಾಗಿ ಒಪ್ಪುತ್ತದೆ. ಲೇಸರ್ ಕಿರಣವು ತಟ್ಟೆಗೆ ಬರೆ ಎಳೆದೇ ಬರೆಯುತ್ತದೆ. ಖಾಲಿ ತಟ್ಟೆಯ ಪ್ಲಾಸ್ಟಿಕ್ಕಿನಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿದ ಒಂದು ಸೂಕ್ಷ್ಮ ಗೆರೆಯಿರುತ್ತದೆ. ಸಿ.ಡಿ.ಯಲ್ಲಿ ಇದರ ಉದ್ದ 5 ಕಿಲೋಮೀಟರಿಗೂ ಮಿಗಿಲು. ಅದರ ಮೇಲೆ ತೆಳುವಾದ ಬಣ್ಣದ ಪದರ, ಬಣ್ಣದ ಹಿಂದೆ ಕನ್ನಡಿಯಂಥ ಲೋಹದ ಪದರ. ಕಿರಣದ ಶಾಖಕ್ಕೆ ಬಣ್ಣವು ಅಲ್ಲಲ್ಲಿ ಮಾರ್ಪಟ್ಟು, ಆ ಸ್ಥಳಗಳು ಬೆಳಕನ್ನು ಕಡಿಮೆಯಾಗಿ ಹಿಂದಿರುಗಿಸುತ್ತವೆ. ಸಿ.ಡಿ.ಗೆ 780 ನ್ಯಾನೋಮೀಟರ್ ಅಲೆಯುದ್ದದ ಕಿರಣ, ಡಿ.ವಿ.ಡಿ.ಗೆ 650, ಅಲೆ ಕಿರಿದಾದಂತೆ ಗೆರೆಗಳನ್ನು ಒತ್ತೊತ್ತಾಗಿ ಹೆಣೆಯಬಹುದು. ಒಮ್ಮೆ ಮಾರ್ಪಟ್ಟ ಬಣ್ಣವು ಹಿಂದಿನ ಸ್ಥಿತಿಗೆ ಮರಳದು.

ರೋಗಿಯನ್ನು ಕಂಡ ವೈದ್ಯನು ನೋವು ಯಾವಾಗ ತೊಡಗಿತೆಂದು ಮೊದಲು ಕೇಳುತ್ತಾನೆ. ತಟ್ಟೆಯ ವಿಷಯದಲ್ಲಿಯೂ ಅದೇ ಪ್ರಶ್ನೆ ದಾರಿ ತೋರಿಸುತ್ತದೆ. ಬರವಣಿಗೆ ನಿಂತುದು ಆರಂಭಕ್ಕೆ ಮೊದಲೋ, ನಡುವೆಯೋ, ಕೊನೆಯಲ್ಲಿಯೋ ಎಂಬುದನ್ನು ಗಮನಿಸಿದರೆ ಕಾರಣದ ಅರ್ಧಭಾಗ ತಿಳಿದಂತೆಯೇ. ತೆರೆಯ ಮೇಲೆ ಮೂಡುವ ದೋಷಸಂಖ್ಯೆಗಳಿಗಿಂತ ಇದು ಹೆಚ್ಚು ನಂಬಬಹುದಾದ ಸುಳಿವು.

ಖಾಲಿ ತಟ್ಟೆ ಹಾಕಿದ್ದರೂ ಯಂತ್ರವು 'ಖಾಲಿ ತಟ್ಟೆ ಹಾಕಿ' ಎನ್ನುವುದು ಮೊದಲ ಬಗೆ. 2000ದ ದಶಕದ ಅನೇಕ ಗಣಕಗಳಲ್ಲಿದ್ದ 'ಕಾಂಬೊ ಡ್ರೈವ್' ಡಿ.ವಿ.ಡಿ.ಯನ್ನು ಓದುತ್ತಿತ್ತು, ಬರೆಯುತ್ತಿದ್ದುದು ಸಿ.ಡಿ.ಯನ್ನು ಮಾತ್ರ, ಈ ಭೇದ ಅರಿಯದೆ ಯಂತ್ರ ಕೆಟ್ಟಿತೆಂದು ಕೊರಗಿದವರು ಹಲವರು. ಡಿ.ವಿ.ಡಿ.ಯಲ್ಲಿ ಪ್ಲಸ್, ಮೈನಸ್ ಎಂಬ ಎರಡು ಜಾತಿಗಳಿವೆ. ಹಳೆಯ ರೈಟರ್‌ಗಳು ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುತ್ತಿದ್ದವು. ಬರವಣಿಗೆಗೆ ಮುಂಚೆ ರೈಟರು ತಟ್ಟೆಯ ಒಳಅಂಚಿನ ಮೀಸಲು ಜಾಗದಲ್ಲಿ ಕಿರಣದ ಬಲವನ್ನು ಪರೀಕ್ಷಿಸಿ ನೋಡುತ್ತದೆ. ಈ ಪರೀಕ್ಷೆ ಸೋತಾಗ ಬರುವುದೇ 'ಪವರ್ ಕ್ಯಾಲಿಬ್ರೇಷನ್' ದೋಷ. ಕಳಪೆ ತಟ್ಟೆ, ಧೂಳು ಕುಳಿತ ಲೆನ್ಸು, ಮುಪ್ಪಡರಿದ ಲೇಸರ್, ಈ ಮೂರರಲ್ಲಿ ಒಂದು ಇದಕ್ಕೆ ಕಾರಣವಾಗಿರುವುದು ಸಾಮಾನ್ಯ. ಬೇರೆ ಕಂಪನಿಯ ತಟ್ಟೆ ಹಾಕಿದಾಗ ಕೆಲಸ ನಡೆದರೆ ತಪ್ಪು ತಟ್ಟೆಯದು. ಯಾವ ತಟ್ಟೆಗೂ ಒಗ್ಗದಿದ್ದರೆ ತಪ್ಪು ಯಂತ್ರದ್ದು.

ಜಾಗದ ಲೆಕ್ಕವೂ ಬಹುಮಂದಿಯನ್ನು ದಾರಿತಪ್ಪಿಸುತ್ತದೆ. ಡಿ.ವಿ.ಡಿ.ಯ ಮೇಲೆ 4.7 ಜಿ.ಬಿ. ಎಂದು ಅಚ್ಚಾಗಿರುತ್ತದೆ. ಅದು ಸಾವಿರದ ಲೆಕ್ಕ, ಎಂದರೆ 470 ಕೋಟಿ ಬೈಟುಗಳು. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅದೇ ತಟ್ಟೆ ಅಲ್ಲಿ 4.37 ಜಿ.ಬಿ. ಆಗಿ ಕಾಣುತ್ತದೆ. ಗಣಕದಲ್ಲಿ 4.5 ಜಿ.ಬಿ. ಎಂದು ತೋರುವ ಕಡತ ಆ ತಟ್ಟೆಯಲ್ಲಿ ಹಿಡಿಸದು. ವಿಚಿತ್ರವೆಂದರೆ ಸಿ.ಡಿ.ಯ 700 ಎಂ.ಬಿ. ಮಾತ್ರ 1024ರ ಲೆಕ್ಕದ್ದೇ! ಒಂದೇ ಅಂಗಡಿಯಲ್ಲಿ ಎರಡು ಅಳತೆಯ ಸೇರು.

ಬರವಣಿಗೆ ನಡುವೆ ನಿಲ್ಲುವುದಕ್ಕೆ ಹಿಂದಿನ ಮುಖ್ಯ ಕಾರಣ ಹಸಿವು. ಕಿರಣವು ಒಂದೇ ವೇಗದಲ್ಲಿ ಮುಂದುವರಿಯುತ್ತದೆ. ಗಣಕವು ಮಾಹಿತಿಯನ್ನು ಅದೇ ವೇಗದಲ್ಲಿ ಉಣಿಸಬೇಕು. ನಡುವಿನ ಸಂಗ್ರಹ ಬರಿದಾದರೆ ಕಿರಣವು ನಿಂತು ತಟ್ಟೆ ನಿಷ್ಪ್ರಯೋಜಕವಾಗುತ್ತಿತ್ತು. 2000ದ ಸುಮಾರಿಗೆ, ನಿಂತ ಬಿಂದುವಿನಿಂದಲೇ ಮುಂದುವರಿಯುವ ಏರ್ಪಾಡು ರೈಟರ್‌ಗಳಲ್ಲಿ ಬಂದು ಈ ಕಾಟ ಬಹುಮಟ್ಟಿಗೆ ತಗ್ಗಿತು, ಪೂರ್ಣವಾಗಿ ತೊಲಗಲಿಲ್ಲ. 16 ಪಟ್ಟು ವೇಗದಲ್ಲಿ ಡಿ.ವಿ.ಡಿ.ಗೆ ಸೆಕೆಂಡಿಗೆ ಸುಮಾರು 22 ಎಂ.ಬಿ. ಬೇಕು. ಪೆನ್ ಡ್ರೈವಿನಿಂದಲೋ ಜಾಲದ ಮೂಲಕ ಬೇರೆ ಗಣಕದಿಂದಲೋ ನೇರವಾಗಿ ಬರೆಯಹೊರಟರೆ ಅಷ್ಟು ಒದಗುವುದು ಕಷ್ಟ. ಕಡತಗಳನ್ನು ಮೊದಲು ಗಣಕದ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಇತರ ಕೆಲಸಗಳನ್ನು ನಿಲ್ಲಿಸಿ ಬರೆಯುವುದು ಕ್ಷೇಮ.

ಮುಕ್ಕಾಲು ಭಾಗ ಸಾಗಿದ ಮೇಲೆ, ಪ್ರತಿ ಬಾರಿಯೂ ಹೆಚ್ಚುಕಡಿಮೆ ಅದೇ ಹಂತದಲ್ಲಿ ನಿಲ್ಲುವುದು ಬೇರೊಂದು ಲಕ್ಷಣ. ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುವುದು. ಹೆಚ್ಚಿನ ರೈಟರ್‌ಗಳ ವೇಗ ಹೊರಅಂಚಿನತ್ತ ಏರುತ್ತ ಹೋಗುವುದು. ಅಗ್ಗದ ತಟ್ಟೆಗಳಲ್ಲಿ ಬಣ್ಣದ ಪದರ ಸಮವಿಲ್ಲದಿರುವುದೂ ಅಂಚಿನಲ್ಲಿಯೇ. ಇಲ್ಲಿ ವೇಗವನ್ನು ತಗ್ಗಿಸಬೇಕು. ಆದರೆ ಅತ್ಯಂತ ಕಡಿಮೆ ವೇಗವೇ ಅತ್ಯುತ್ತಮವೆಂಬ ನಂಬಿಕೆ ಪೂರ್ತಿ ಸರಿಯಲ್ಲ. 16 ಪಟ್ಟು ವೇಗಕ್ಕೆಂದು ಸಿದ್ಧಪಡಿಸಿದ ಬಣ್ಣವು 8ರಲ್ಲಿ ಚೆನ್ನಾಗಿ ಬರೆಯಿಸಿಕೊಳ್ಳುತ್ತದೆ. ತೀರ ನಿಧಾನವು ಅದಕ್ಕೆ ಒಗ್ಗದಿರಬಹುದು.

ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ರೈಟರ್ ಇಲ್ಲದಿರುವುದರಿಂದ ಯು.ಎಸ್.ಬಿ. ಮೂಲಕ ಹೊರಗಿನ ರೈಟರನ್ನು ಜೋಡಿಸುತ್ತಾರೆ. ಅದು ವಿದ್ಯುತ್ತನ್ನೂ ಆ ತಂತಿಯಿಂದಲೇ ಪಡೆಯಬೇಕು. ಓದುವುದಕ್ಕೆ ಸಾಕಾಗುವ ವಿದ್ಯುತ್ತು ಬರೆಯುವುದಕ್ಕೆ ಸಾಲದೆ ಹೋಗಬಹುದು. ಹಬ್ಬಿಗಾಗಲಿ ಉದ್ದನೆಯ ತಂತಿಗಾಗಲಿ ಸಿಕ್ಕಿಸದೆ ನೇರವಾಗಿ ಗಣಕಕ್ಕೆ ಜೋಡಿಸಿದ ಮಾತ್ರಕ್ಕೆ ಗುಣವಾದ ರೈಟರ್‌ಗಳು ಎಷ್ಟೋ. ಕರೆಂಟು ಹೋಗುವ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಬರೆಯಲು ಕೂರುವುದು ಅವಿವೇಕ.

ಕೊನೆಯ ಹಂತ ಮುಕ್ತಾಯದ್ದು. ತಟ್ಟೆಯಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ಬರೆದು ಮುಚ್ಚಿದ ಹೊರತು ಬೇರೆ ಯಂತ್ರಗಳಿಗೆ ಅದು ತಿಳಿಯದು. ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಯಂತ್ರ ಸ್ತಬ್ಧವಾಯಿತೆಂದು ಭ್ರಮಿಸಿ ಗುಂಡಿ ಒತ್ತಿ ಹೊರತೆಗೆದವರು ಮುಗಿದ ಕೆಲಸವನ್ನು ಕೆಡಿಸಿಕೊಂಡಂತೆ. ಹಳೆಯ ತಟ್ಟೆಗೆ ಹೊಸ ಕಡತ ಸೇರಿಸಿದಾಗ ಹಿಂದಿನವೆಲ್ಲ ಮಾಯವಾದಂತೆ ಕಾಣುವುದೂ ಪಟ್ಟಿಯ ದೋಷವೇ: ಹೊಸ ಪಟ್ಟಿಯಲ್ಲಿ ಹಳೆಯ ಹೆಸರುಗಳು ಸೇರಿರುವುದಿಲ್ಲ. ಕಡತಗಳು ಅಲ್ಲಿಯೇ ಇರುತ್ತವೆ. ಹಿಂದಿನ ಪಟ್ಟಿಗಳನ್ನು ಓದಬಲ್ಲ ತಂತ್ರಾಂಶದಿಂದ ಅವನ್ನು ಹೊರತೆಗೆಯಬಹುದು.

ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರಿಗೆ ಇನ್ನೊಂದು ತೊಡಕುಂಟು. ಸಿ.ಡಿ.ಗಳಲ್ಲಿ ಬಳಕೆಯಲ್ಲಿರುವ 'ಜೋಲಿಯೆಟ್' ಎಂಬ ಕ್ರಮವು ಕನ್ನಡ ಲಿಪಿಯನ್ನು ಒಪ್ಪುತ್ತದೆ, ಆದರೆ ಹೆಸರಿಗೆ 64 ಸಂಕೇತಗಳ ಮಿತಿಯಿದೆ. 'ವಾರ್ಷಿಕೋತ್ಸವ' ಎಂಬುದು ಕಣ್ಣಿಗೆ ಐದು ಅಕ್ಷರ. ಕಾಗುಣಿತ, ಒತ್ತುಗಳು ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಯಂತ್ರಕ್ಕೆ ಹನ್ನೆರಡು. ಉದ್ದನೆಯ ಹೆಸರುಗಳು ನಡುವೆ ತುಂಡಾಗುವುದು ಹೀಗೆ.

ಗಣಕದಲ್ಲಿ ಓಡುವ ತಟ್ಟೆ ಟಿ.ವಿ.ಯ ಪ್ಲೇಯರಿನಲ್ಲಿ ಓಡದಿದ್ದರೆ ಬರವಣಿಗೆಯ ದೋಷವನ್ನು ಹುಡುಕಬೇಕಾಗಿಲ್ಲ. ಚಿತ್ರದ ಕಡತವನ್ನು ಸುಮ್ಮನೆ ನಕಲಿಸಿದರೆ ಅದು ಡಿ.ವಿ.ಡಿ. ಚಿತ್ರವಾಗದು; ಪ್ಲೇಯರಿಗೆ ತಿಳಿಯುವ ವಿನ್ಯಾಸಕ್ಕೆ ಪರಿವರ್ತಿಸಿ ಬರೆಯಬೇಕು. ಅಮೆರಿಕದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗೆ ಇಲ್ಲಿಂದ ಹೋದ ತಟ್ಟೆ ಅಲ್ಲಿ ಓಡದಿರುವುದು ಬೇರೆ ಕಾರಣದಿಂದ: ಇಲ್ಲಿಯದು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿ, ಅಲ್ಲಿಯದು ಸುಮಾರು 30 ಚಿತ್ರಗಳ ಎನ್.ಟಿ.ಎಸ್.ಸಿ. ಪದ್ಧತಿ, ಅಲ್ಲಿಯ ಹಳೆಯ ಪ್ಲೇಯರುಗಳು ಅನೇಕವು ಪಾಲ್ ಅನ್ನು ಒಪ್ಪುತ್ತಿರಲಿಲ್ಲ.

ಬರೆದಾದ ಮೇಲೆ ತಂತ್ರಾಂಶದ 'ವೆರಿಫೈ' ಆಯ್ಕೆಯಿಂದ ಮೂಲದೊಡನೆ ಹೋಲಿಸಿ ನೋಡುವುದು ಅನಿವಾರ್ಯ. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಬರೆದ ರೈಟರು ತನ್ನ ಬರಹವನ್ನು ತಾನು ಓದುವುದು ಸುಲಭವಾದ ಕಾರಣ, ಬೇರೊಂದು ಗಣಕದಲ್ಲಿಯೂ ಓದಿಸಿ ನೋಡುವವರೆಗೆ ಮೂಲವನ್ನು ಅಳಿಸಲಾಗದು. ಸಿ.ಡಿ.ಯ ಹೆಸರು ಬರೆಯುವ ಬದಿಯೇ ಅದರ ನಾಜೂಕಾದ ಬದಿಯೆಂಬುದು ಹಲವರಿಗೆ ತಿಳಿಯದು. ಲೋಹದ ಪದರಕ್ಕೂ ಬಾಲ್ ಪೆನ್ನಿನ ಮೊನೆಗೂ ನಡುವೆ ಇರುವುದು ತೆಳುವಾದ ಮೆರುಗೆಣ್ಣೆ ಮಾತ್ರ. ಡಿ.ವಿ.ಡಿ.ಯಲ್ಲಿ ಬರಹವು ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುವುದರಿಂದ ಆ ಭಯ ಕಡಿಮೆ. ಅಂಟಿಸುವ ಚೀಟಿ ಎರಡಕ್ಕೂ ಸಲ್ಲದು. ಓರೆಯಾದ ಚೀಟಿಯಿಂದ ತಟ್ಟೆಯ ತೂಕ ತಪ್ಪುತ್ತದೆ, ಮುಂದೊಂದು ದಿನ ಎದ್ದು ಬಂದಾಗ ಸಿ.ಡಿ.ಯ ಲೋಹವನ್ನೂ ಎಳೆದುಕೊಂಡು ಬರಬಹುದು.

ಭಾರತದಲ್ಲಿ ಈ ತಟ್ಟೆಗಳನ್ನು ಅಪಾರ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನಕ್ಕೆ ಒಳಗಾಯಿತು. ಕಪಾಟಿನಲ್ಲಿರುವ ಖಾಲಿ ತಟ್ಟೆಗಳು ಹಲವೆಡೆ ಹಳೆಯ ದಾಸ್ತಾನು. ಬರೆಯದಿದ್ದರೂ ಬಣ್ಣಕ್ಕೆ ಮುಪ್ಪು ಬರುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟುದಂತೂ ಬೇಗ ಕೆಡುತ್ತದೆ. ಈಗಾಗಲೇ ಬರೆದಿಟ್ಟ ಹಳೆಯ ತಟ್ಟೆ ತಡವರಿಸಿದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಾಗಿ ಒರೆಸಬಾರದು. ಗೆರೆಯನ್ನು ಅಡ್ಡಹಾಯುವ ಗೀರನ್ನು ಯಂತ್ರದ ದೋಷನಿವಾರಣಾ ಲೆಕ್ಕ ಸರಿಪಡಿಸಿಕೊಳ್ಳಬಲ್ಲುದು. ಗೆರೆಯುದ್ದಕ್ಕೂ ಬಿದ್ದ ಗೀರಿಗೆ ಅದರಲ್ಲಿ ಮದ್ದಿಲ್ಲ. ಆಮೇಲೆ ಎರಡು ಮೂರು ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಬೇಕು. ಒಂದು ಓದದುದನ್ನು ಇನ್ನೊಂದು ಓದಿದ ಉದಾಹರಣೆಗಳು ಹೇರಳ. ಓದಿದ ಕ್ಷಣವೇ, ಚಿತ್ರವನ್ನು ನೋಡುತ್ತ ಕೂರದೆ, ಮೊದಲು ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು.