ಗ್ರಾನೈಟ್ ನೋಡಲ್ಲ, ಖಾತೆ ನೋಡ್ತಾರೆ

ಬೆಂಗಳೂರಿನ ತಿಲಕ್ ನಗರದಲ್ಲಿ ಇಪ್ಪತ್ತು–ಮೂವತ್ತರ ಸೈಟಿನ ಹಳೆ ಮನೆಯೊಂದನ್ನು ಕೊಂಡು, ರಿಪೇರಿ ಮಾಡಿಸಿ, ವರ್ಷದೊಳಗೆ ಮಾರಿಬಿಡುವುದು ನನ್ನ ಭಾವಮೈದನ ಯೋಜನೆ. ಲೆಕ್ಕ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಸುಲಭಕ್ಕೆ ಮನೆಯ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಎರಡೂ ಸೇರಿ 6.08 ಲಕ್ಷ. ರಿಪೇರಿಗೆ 10 ಲಕ್ಷ. 50 ಲಕ್ಷ ಸಾಲಕ್ಕೆ ಶೇ 9ರಂತೆ ವರ್ಷದ ಬಡ್ಡಿ 4.5 ಲಕ್ಷ. ಕೊಳ್ಳುವಾಗ, ಮಾರುವಾಗ ಬ್ರೋಕರ್‌ಗೆ ಶೇ 1ರಂತೆ ಒಟ್ಟು 1.85 ಲಕ್ಷ. 1.05 ಕೋಟಿಗೆ ಮಾರಿದರೂ ಕೈಯಲ್ಲಿ ಉಳಿಯುವುದು ಸುಮಾರು ಎರಡೂವರೆ ಲಕ್ಷ. ಕೈಯಿಂದ ಹಾಕಿದ 47 ಲಕ್ಷವನ್ನು ಶೇ 6.5ರ ಎಫ್‌ಡಿಯಲ್ಲಿಟ್ಟಿದ್ದರೆ ಮೂರು ಲಕ್ಷ ಬರುತ್ತಿತ್ತು, ಅದೂ ಮೇಸ್ತ್ರಿಯ ಹಿಂದೆ ಅಲೆಯದೆ.

ತೆರಿಗೆ ಇನ್ನೂ ಬಾಕಿ. 24 ತಿಂಗಳೊಳಗೆ ಮಾರಿದರೆ ಲಾಭ ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರಕ್ಕೆ ಬೀಳುತ್ತದೆ. ಆ ಗಡುವು ದಾಟಿದರೆ ಶೇ 12.5. ಬೇರೆ ಮನೆ ಕೊಂಡು ತೆರಿಗೆ ಉಳಿಸಿಕೊಳ್ಳುವ ಅವಕಾಶವೂ ಆಮೇಲೆಯೇ. ಬೇಗ ಮಾರಿದರೆ ತೆರಿಗೆ ತಿನ್ನುತ್ತದೆ, ತಡೆದರೆ ಬಡ್ಡಿ ತಿನ್ನುತ್ತದೆ.

ಜಯದೇವ ಆಸ್ಪತ್ರೆ ಹತ್ತಿರ ಮೆಟ್ರೊ ಹಳದಿ ಮಾರ್ಗ ಬಂದಿದೆ, ಬೆಲೆ ಏರುತ್ತದೆ ಎಂಬುದು ಭಾವಮೈದನ ವಾದ. ಮೆಟ್ರೊ ಬಂದದ್ದು ಮಾರುವವರಿಗೂ ಗೊತ್ತಲ್ಲ. ಅವರು ಹೇಳುವ ರೇಟಿನಲ್ಲೇ ಅದು ಸೇರಿರುತ್ತದೆ.

ಅಸಲು ತೊಡಕನ್ನು ಬಿಡಿಸಿ ಹೇಳಿದ್ದು ಮನೆ ತೋರಿಸಲು ಬಂದ ಬ್ರೋಕರ್. "ಸಾರ್, ಇಲ್ಲಿ ಹಳೆ ಮನೆ ತಗೊಳ್ಳೋರು ಕೆಡವಿ ಮೂರು ಫ್ಲೋರ್ ಎಬ್ಬಿಸೋಕೇ ತಗೊಳ್ಳೋದು. ನೀವು ಹಾಕಿಸಿದ ಗ್ರಾನೈಟ್ ಯಾರೂ ನೋಡಲ್ಲ, ಖಾತೆ ನೋಡ್ತಾರೆ" ಎಂದರು. ಅಂದರೆ ಬೆಲೆ ಇರುವುದು ನೆಲಕ್ಕೆ. ಆ 10 ಲಕ್ಷದ ರಿಪೇರಿ ಜೆಸಿಬಿ ಪಾಲು.

ಹಾಗಾದರೆ ಬೆಲೆ ಏರಿಸುವುದು ಯಾವುದು? ಕಾಗದಪತ್ರ. ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ. ಬಿ ಖಾತೆಯಾದರೆ ಅನೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಮನೆಗೆ ವಂಶವೃಕ್ಷ ಬೇಕು, ಪಾಲುದಾರರೆಲ್ಲರ ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅಮೆರಿಕದಲ್ಲಿರುವ ತಂಗಿಯ ಸಹಿ ಬಿಟ್ಟರೆ ನಾಳೆ ದಾವೆ ಗ್ಯಾರಂಟಿ. ಇಂಥ ಗೋಜಲಿದ್ದ ಮನೆ ಅಗ್ಗಕ್ಕೆ ಸಿಗುತ್ತದೆ. ಗೋಜಲು ಬಿಡಿಸಿದವರಿಗೆ ಲಾಭವೂ ಸಿಗುತ್ತದೆ. ಆದರೆ ಅದಕ್ಕೆ ಒಳ್ಳೆ ವಕೀಲರು, ಸಾಲವಿಲ್ಲದ ದುಡ್ಡು, ಎರಡು ವರ್ಷಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅಡ್ವಾನ್ಸ್ ಕೊಡಬೇಡಿ.